ಬರ್ಫದ ನೀರು ಕಟ್ಟಿದ ಒಡ್ಡು: ಮಾಳಿಗೆಯ ಮೇಲೆ ಹಿಮನದಿ ಮಾಡಿ ನೋಡುವ ಬಗೆ

ಏಪ್ರಿಲ್ ಬಿಸಿಲಿಗೆ ಕಲಬುರಗಿಯಲ್ಲಿ ಒಂದು ಡಬ್ಬಿ ಬರ್ಫ ಹೊರಗಿಟ್ಟರೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ನಮಗೆಲ್ಲ ಗೊತ್ತು. ಹಿಮನದಿಯ ಪಾಠಕ್ಕೆ ಈ ಬಿಸಿಲು ಬಹಳ ಉಪಕಾರ ಮಾಡುತ್ತದೆ. ಹಿಮದ ನಾಡಿನಲ್ಲಿ ನೂರಾರು ವರ್ಷ ಹಿಡಿಯುವ ಕೆಲಸವನ್ನು ನಮ್ಮ ಮಾಳಿಗೆಯ ಮೇಲೆ ಒಂದೇ ಮುಂಜಾನೆಯಲ್ಲಿ ನೋಡಬಹುದು.

ನಾನು ಹೈಸ್ಕೂಲಿನ ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತೇನೆ. ಹಿಮನದಿಯ ನೀರು ಕಟ್ಟಿದ ಉದ್ದನೆಯ ಒಡ್ಡು ಎಸ್ಕರ್, ಉಸುಕಿನ ಗುಡ್ಡೆ ಕೇಮ್, ಹೂತ ಬರ್ಫ ಕರಗಿ ಬಿದ್ದ ತಗ್ಗು ಕೆಟಲ್ ಎಂದು ಮಕ್ಕಳು ಬಾಯಿಪಾಠ ಮಾಡುತ್ತಿದ್ದರು, ಪರೀಕ್ಷೆಯಲ್ಲಿ ಬರೆಯುತ್ತಿದ್ದರು, ಮರೆಯುತ್ತಿದ್ದರು. ಒಂದು ದಿನ ಒಬ್ಬಳು ಎದ್ದು ನಿಂತು ಕೇಳಿದಳು: "ಟೀಚರ್, ನೀರು ಹರಿದ್ರ ತಗ್ಗು ಬೀಳಬೇಕಲ್ರೀ? ಒಡ್ಡು ಹ್ಯಾಂಗ ಏಳ್ತದ?"

ಎಷ್ಟು ಸರಿಯಾದ ಪ್ರಶ್ನೆ ನೋಡಿ! ಭೀಮಾ ಹೊಳೆ ನೋಡಿ ಬೆಳೆದ ಹುಡುಗಿ ಅವಳು. ಹೊಳೆ ಅಂದರೆ ತಗ್ಗು, ಎರಡೂ ಕಡೆ ದಂಡೆ ಎತ್ತರ. ಹಾಗಿದ್ದ ಮೇಲೆ ಹೊಳೆ ಹರಿದ ಜಾಗವೇ ಸುತ್ತಲಿನ ನೆಲಕ್ಕಿಂತ ಎತ್ತರಕ್ಕೆ ನಿಲ್ಲುವುದು ಹೇಗೆ? ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದೆ. ಅವಳ ಮುಖದಲ್ಲಿ ಒಪ್ಪಿಗೆ ಕಾಣಲಿಲ್ಲ. ಮುಂದಿನ ರವಿವಾರ ಮಾಳಿಗೆಯ ಮೇಲೆ ಮಾಡಿ ತೋರಿಸಿದೆ. ಅಂದಿನಿಂದ ಪ್ರತಿ ಬೇಸಿಗೆ ಮಾಡುತ್ತಾ ಬಂದಿದ್ದೇನೆ. ಶಿಕ್ಷಕರು, ತಂದೆತಾಯಿ, ಸ್ವಲ್ಪ ದೊಡ್ಡ ಮಕ್ಕಳು ಯಾರು ಬೇಕಾದರೂ ಮಾಡಬಹುದು.

ಉತ್ತರ ಇಷ್ಟೇ: ಆ ಹೊಳೆಯ ದಂಡೆ ಬರ್ಫದ್ದಾಗಿತ್ತು. ದಂಡೆ ಕರಗಿ ಹೋಯಿತು. ನಡುವೆ ತುಂಬಿದ್ದ ಉಸುಕು ಉಳಿಯಿತು. ಬೀದರಿನಲ್ಲಿ ಬಿದರಿ ಪಾತ್ರೆ ಎರಕ ಹೊಯ್ಯುವುದನ್ನು ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಮಣ್ಣಿನ ಅಚ್ಚಿಗೆ ಕಾಸಿದ ಲೋಹ ಸುರಿಯುತ್ತಾರೆ, ಆಮೇಲೆ ಅಚ್ಚು ಒಡೆಯುತ್ತಾರೆ. ಇಲ್ಲಿ ಬರ್ಫವೇ ಅಚ್ಚು, ಉಸುಕೇ ಎರಕ. ಮುಂದೆ ಮಾಡುವ ಎಲ್ಲದರಲ್ಲೂ ಮಕ್ಕಳನ್ನು ಇದೊಂದೇ ಕೇಳುತ್ತಾ ಹೋಗಿ: ಇಲ್ಲಿ ಬರ್ಫ ಎಲ್ಲಿತ್ತು?

ಶುರು ಮಾಡುವ ಮುನ್ನ

ಹಿಮನದಿ ತಾನೇ ಹೊತ್ತು ತಂದು ಸುರಿದದ್ದು ಬೇರೆ, ಅದರ ಕರಗಿದ ನೀರು ತಂದದ್ದು ಬೇರೆ. ಇವೆರಡನ್ನೂ ಒಂದೇ ಮಾಡಿಕೊಂಡರೆ ಪಾಠ ಪೂರ್ತಿ ಗೊಂದಲವಾಗುತ್ತದೆ. ಬರ್ಫಕ್ಕೆ ಆರಿಸುವುದು ಗೊತ್ತಿಲ್ಲ. ಮನೆಯಷ್ಟು ದೊಡ್ಡ ಬಂಡೆಯನ್ನೂ ಹಿಟ್ಟಿನಂಥ ಪುಡಿಯನ್ನೂ ಒಟ್ಟಿಗೆ ಹೊತ್ತು ತಂದು ಒಂದೇ ಕಡೆ ಗುಡ್ಡೆ ಹಾಕುತ್ತದೆ. ಅದಕ್ಕೆ ಮೊರೇನ್ ಎಂದು ಹೆಸರು. ನೀರು ಹಾಗಲ್ಲ. ರಾಶಿ ಮಾಡುವಾಗ ತೊಗರಿ ತೂರುತ್ತೇವಲ್ಲ, ಹಾಗೆ. ಗಾಳಿಗೆ ಕಾಳು ಹತ್ತಿರ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ. ನೀರಿನಲ್ಲೂ ಗುಂಡು ಮೊದಲು ನಿಲ್ಲುತ್ತದೆ, ಆಮೇಲೆ ಗರಸು, ಆಮೇಲೆ ಉಸುಕು, ಕೊನೆಗೆ ಕೆಸರು. ಆರಿಸಿದ, ಪದರ ಕಟ್ಟಿದ ಉಸುಕು ಕಂಡರೆ ನೀರಿನ ಕೆಲಸ. ಎಲ್ಲ ಕಲಸಿದ್ದು ಕಂಡರೆ ಬರ್ಫದ ಕೆಲಸ.

ಹತ್ತು ದಿನ ಮುಂಚೆ: ಬಾಟಲಿ

ಮೊದಲು ಬಾಟಲಿಯ ಕೆಲಸ ಶುರು ಮಾಡಿ, ಯಾಕೆಂದರೆ ಇದು ನಿಧಾನ. ಹಿಮ ಕರಗಿದ ನೀರು ಸೇರುವ ಕೆರೆಯ ತಳದಲ್ಲಿ ಕೆಸರು ಹೇಗೆ ಕೂರುತ್ತದೆ ಎಂದು ಇದು ತೋರಿಸುತ್ತದೆ. ಅಗಲ ಬಾಯಿಯ ಗಾಜಿನ ಉಪ್ಪಿನಕಾಯಿ ಬಾಟಲಿ ತೊಳೆದು ಮುಕ್ಕಾಲು ನೀರು ತುಂಬಿ. ಹೊಲದ ಎರೆ ಮಣ್ಣನ್ನು ಕುಟ್ಟಿ ಬಟ್ಟೆಯಲ್ಲಿ ಸೋಸಿದ ಪುಡಿ ಒಂದು ಚಮಚ, ತಿಳಿ ಬಣ್ಣದ ಸಣ್ಣ ಉಸುಕು ಒಂದು ಚಮಚ, ಎರಡನ್ನೂ ಸ್ವಲ್ಪ ನೀರಿನಲ್ಲಿ ಕಲಸಿ ಮೆಲ್ಲಗೆ ಬಾಟಲಿಗೆ ಬಿಡಿ. ಉಸುಕು ಕೂಡಲೇ ತಳ ಸೇರುತ್ತದೆ. ಕಪ್ಪು ಕೆಸರು ತೇಲುತ್ತಾ ನಿಧಾನಕ್ಕೆ ಇಳಿಯುತ್ತದೆ. ನೀರು ತಿಳಿಯಾಗುವ ತನಕ ಕಾಯಿರಿ. ಒಂದು ದಿನ ಬೇಕು, ಕೆಲವೊಮ್ಮೆ ಎರಡು. ಆಮೇಲೆ ಇನ್ನೊಂದು ಸಲ. ಹೀಗೆ ಐದು ಸಲ ಮಾಡಿದರೆ ಐದು ಜೋಡಿ ಪಟ್ಟೆ ಸಿಗುತ್ತವೆ: ಬಿಳಿ, ಕಪ್ಪು, ಬಿಳಿ, ಕಪ್ಪು.

ಇದಕ್ಕೆ ಬೋರಿನ ನೀರು ಬಳಸಬೇಡಿ. ನಾನು ಮೊದಲ ವರ್ಷ ಅದನ್ನೇ ಹಾಕಿದ್ದೆ. ಎರೆ ಮಣ್ಣು ತಾಸೊಳಗೆ ಗಡ್ಡೆ ಗಡ್ಡೆಯಾಗಿ ಉಸುಕಿನ ಜೊತೆಗೇ ಕೂತುಬಿಟ್ಟಿತು, ಪಟ್ಟೆ ಬರಲೇ ಇಲ್ಲ. ನಮ್ಮ ಕಡೆಯ ಗಡುಸು ನೀರಿನಲ್ಲಿ ಸುಣ್ಣದ ಅಂಶ ಇರುತ್ತದೆ. ಅದು ಮಣ್ಣಿನ ಸಣ್ಣ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಉಪ್ಪು ನೀರೂ ಹಾಗೇ ಮಾಡುತ್ತದೆ. ಹಿಮದ ನಾಡಿನಲ್ಲೂ ಇಂಥ ಪಟ್ಟೆ ಚೆನ್ನಾಗಿ ಸಿಗುವುದು ಸಿಹಿನೀರಿನ ಕೆರೆಗಳ ತಳದಲ್ಲಿ, ಸಮುದ್ರದಲ್ಲಿ ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಹಾಗಾಗಿ ಫಿಲ್ಟರ್ ಕ್ಯಾನಿನ ನೀರು ಹಾಕಿ.

ಒಂದು ಜೋಡಿ ಪಟ್ಟೆ ಅಂದರೆ ಒಂದು ವರ್ಷ. ಬೇಸಿಗೆಯಲ್ಲಿ ಹಿಮ ಕರಗಿ ನೀರು ರಭಸದಿಂದ ಬರುತ್ತದೆ, ದಪ್ಪ ಕಣ ತರುತ್ತದೆ. ಚಳಿಗಾಲದಲ್ಲಿ ಕೆರೆಯ ಮೇಲ್ಭಾಗ ಹೆಪ್ಪುಗಟ್ಟುತ್ತದೆ, ಒಳಗೆ ನೀರು ಅಲುಗಾಡದೆ ನಿಲ್ಲುತ್ತದೆ, ಆಗ ನವಿರು ಕೆಸರು ಇಳಿಯುತ್ತದೆ. ಸ್ವೀಡನ್ನಿನಲ್ಲಿ ಇದನ್ನು ವಾರ್ವ್ ಅನ್ನುತ್ತಾರೆ. ಅಲ್ಲಿನ ಭೂವಿಜ್ಞಾನಿ ಗೆರಾರ್ಡ್ ಡೆ ಯೇರ್ ಈ ಪಟ್ಟೆಗಳನ್ನು ಒಂದೊಂದಾಗಿ ಎಣಿಸಿದರು. ಒಂದು ಊರಿನ ಪಟ್ಟೆಯನ್ನು ಪಕ್ಕದ ಊರಿನ ಪಟ್ಟೆಗೆ ಹೊಂದಿಸುತ್ತಾ ಹೋದರು. ಹಿಮ ಹಿಂದೆ ಸರಿದ ಸುಮಾರು 12,000 ವರ್ಷಗಳ ಲೆಕ್ಕವನ್ನು 1910ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಜಗತ್ತಿನ ಮುಂದಿಟ್ಟರು. ಕೆಸರು ಎಣಿಸಿ ವರ್ಷ ಹೇಳಿದ ಆ ತಾಳ್ಮೆ ನೆನೆದರೆ ನನಗೆ ಇಂದಿಗೂ ಬೆರಗು.

ಹಿಂದಿನ ದಿನ: ಅಚ್ಚು

ಉದ್ದನೆಯ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಒಂದು ಗೇಣು ಉದ್ದ ಇದ್ದರೆ ಸಾಕು. ಮಕ್ಕಳು ಆಡುವ ಎಣ್ಣೆ ಜಿಡ್ಡಿನ ಕ್ಲೇ ಹೆಬ್ಬೆರಳು ದಪ್ಪಕ್ಕೆ ಹೊಸೆದು, ಹಾವಿನ ಹಾಗೆ ಡೊಂಕಾಗಿ ಡಬ್ಬಿಯ ತಳಕ್ಕೆ ಒತ್ತಿ. ಈ ತುದಿಯ ಗೋಡೆಯಿಂದ ಆ ತುದಿಯ ಗೋಡೆಗೆ ತಾಗುವಂತಿರಲಿ. ಕ್ಲೇ ಇಲ್ಲದಿದ್ದರೆ ಗೋಧಿ ಹಿಟ್ಟಿನ ಕಣಕ ಗಟ್ಟಿಯಾಗಿ ನಾದಿ, ಎಣ್ಣೆ ಸವರಿ ಬಳಸಬಹುದು. ಜೋಳದ ಹಿಟ್ಟು ಬೇಡ, ಅದು ನೀರಿನಲ್ಲಿ ಬಿಟ್ಟುಕೊಳ್ಳುತ್ತದೆ. ನಾಲ್ಕು ಬೆರಳು ನೀರು ಹಾಕಿ ಫ್ರೀಜರಿನಲ್ಲಿಡಿ. ಇನ್ನೊಂದು ಡಬ್ಬಿಯಲ್ಲಿ ಸುಮ್ನೆ ನೀರು ಇಡಿ. ಐಸ್ ಟ್ರೇಯಲ್ಲಿ ಹತ್ತು ಹನ್ನೆರಡು ತುಂಡು ಇರಲಿ. ಅವುಗಳಲ್ಲಿ ಒಂದೆರಡಕ್ಕೆ ಕಡಲೆ ಕಾಳಿನಷ್ಟು ಸಣ್ಣ ಹರಳು ಹಾಕಿ. ಆ ಹರಳು ಕೊನೆಗೆ ಬೇಕಾಗುತ್ತದೆ.

ಉಸುಕಿಗೆ ಹೊಳೆಗೆ ಹೋಗಬೇಡಿ. ಮನೆ ಕಟ್ಟುವ ಕಡೆ ಉಳಿದ ಒಂದು ಬುಟ್ಟಿ ಕೇಳಿದರೆ ಕೊಡುತ್ತಾರೆ. ಎಂ ಸ್ಯಾಂಡ್ ಆದರೂ ನಡೆಯುತ್ತದೆ. ಅದು ಮೂಲೆ ಮೂಲೆಯಾಗಿ ಇರುತ್ತದೆ, ಹೊಳೆಯ ಉಸುಕು ಉರುಳಿ ಉರುಳಿ ದುಂಡಾಗಿರುತ್ತದೆ. ಎರಡೂ ಸಿಕ್ಕರೆ ಅಂಗೈ ಮೇಲೆ ಅಕ್ಕಪಕ್ಕ ಇಟ್ಟು ಮಕ್ಕಳಿಗೆ ತೋರಿಸಿ. ಒಂದು ಬುಟ್ಟಿ ಗರಸು, ಸ್ವಲ್ಪ ಎರೆ ಮಣ್ಣು ಇರಲಿ. ಅರ್ಧ ಬಕೆಟ್ ಉಸುಕಿಗೆ ಹುರಮಂಜು ಕಲಸಿ ಕೆಂಪು ಮಾಡಿಟ್ಟುಕೊಳ್ಳಿ.

ಮುಂಜಾನೆ ಆರಕ್ಕೆ

ಬಿಸಿಲು ಏರುವ ಮೊದಲೇ ಶುರು ಮಾಡಬೇಕು. ಹಳೆಯ ಫ್ಲೆಕ್ಸ್ ಬ್ಯಾನರ್ ಒಂದನ್ನು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲಕ್ಕೆ ಹಾಸಿ. ಮೂರು ಕಡೆ ಅಂಚಿನ ಕೆಳಗೆ ಇಟ್ಟಿಗೆ ಇಟ್ಟು ಏರಿ ಮಾಡಿ. ಮೇಲಿನ ತುದಿ ಕೆಳಗಿನ ತುದಿಗಿಂತ ಎರಡು ಬೆರಳಷ್ಟು ಎತ್ತರ ಇರಲಿ. ಇಳಿಜಾರು ಜಾಸ್ತಿಯಾದರೆ ಎಲ್ಲ ಕೊಚ್ಚಿ ಹೋಗುತ್ತದೆ. ಕೆಳಗಿನ ತುದಿಯಲ್ಲಿ ಒಂದು ಪರಾತ ಇಡಿ. ಕೆಸರು ನೀರು ಮೋರಿಗೆ ಬಿಡಬೇಡಿ, ಗಿಡಕ್ಕೆ ಹಾಕಿ.

ಮೊದಲು ಔಟ್‌ವಾಶ್ ಬಯಲು, ಅಂದರೆ ಕರಗಿದ ನೀರು ಹಿಮನದಿಯ ಮುಂದೆ ಉಸುಕು ಹರಡಿ ಮಾಡುವ ಬಯಲು. ಇದು ಎಲ್ಲಕ್ಕಿಂತ ಸುಲಭ. ಸುಮ್ನೆ ನೀರಿನ ಬರ್ಫದ ಗಡ್ಡೆಯನ್ನು ಮೇಲಿನ ತುದಿಯಲ್ಲಿಡಿ. ಅದರ ಮುಂದೆ ಗರಸು, ಉಸುಕು, ಎರೆ ಮಣ್ಣು ಎಲ್ಲ ಕಲಸಿ ಒಂದು ಗುಡ್ಡೆ ಮಾಡಿ. ಇದೇ ನಿಮ್ಮ ಮೊರೇನ್. ಈಗ ಚೊಂಬಿನಿಂದ ಬರ್ಫದ ಮೇಲೆ ಸಣ್ಣ ಧಾರೆಯಾಗಿ ನೀರು ಬಿಡಿ. ನೀರು ಗುಡ್ಡೆಯನ್ನು ಒಡೆದು ಕೆಳಗೆ ಹರಡುತ್ತದೆ. ಒಂದೇ ಕಾಲುವೆಯಲ್ಲಿ ಹರಿಯುವುದಿಲ್ಲ. ಜಡೆಯ ಎಳೆಗಳ ಹಾಗೆ ಒಡೆಯುತ್ತದೆ, ಕೂಡುತ್ತದೆ, ಮತ್ತೆ ಒಡೆಯುತ್ತದೆ. ಹೊರಲಾರದಷ್ಟು ಉಸುಕು ಇದ್ದಾಗ ನೀರು ತನ್ನ ದಾರಿಗೆ ತಾನೇ ಅಡ್ಡ ಹಾಕಿಕೊಂಡು ಬೇರೆ ದಾರಿ ಹುಡುಕುತ್ತದೆ. ಮೇಲೆ, ನಡುವೆ, ಕೆಳಗೆ, ಮೂರು ಕಡೆಯಿಂದ ಒಂದೊಂದು ಚಮಚ ತೆಗೆದು ಬಿಳಿ ತಟ್ಟೆಯಲ್ಲಿಟ್ಟು ನೋಡಿ. ತೊಗರಿ ತೂರಿದ್ದು ನೆನಪಾಗುತ್ತದೆ.

ಧಾರೆಯನ್ನು ಒಮ್ಮೆ ಜೋರು, ಒಮ್ಮೆ ಸಣ್ಣ ಮಾಡಿ. ನಿಜವಾದ ಹಿಮನದಿಯ ಮುಂದೆಯೂ ದಿನವೂ ಹೀಗೇ ಆಗುತ್ತದೆ. ಬೆಳಿಗ್ಗೆ ನೀರು ಕಡಿಮೆ. ಬಿಸಿಲೇರಿದ ಮೇಲೆ, ಮಧ್ಯಾಹ್ನದಿಂದ ಸಂಜೆಯ ತನಕ ಜೋರು. ಲಡಾಖಿನಲ್ಲಿ ಹಳ್ಳ ದಾಟುವವರು ಬೆಳಿಗ್ಗೆಯೇ ದಾಟುವುದು ಇದಕ್ಕೇ. ಇಂಥ ಬಯಲಿಗೆ ಐಸ್‌ಲ್ಯಾಂಡಿನ ಭಾಷೆಯಲ್ಲಿ ಸಾಂಡುರ್ ಎಂದು ಹೆಸರು. ಅಲ್ಲಿನ ಸ್ಕೆಯಿದಾರಾರ್ ಸಾಂಡುರ್ ಸುಮಾರು 1,300 ಚದರ ಕಿ.ಮೀ. ಇದೆ. 1996ರ ಸೆಪ್ಟೆಂಬರ್ ಕೊನೆಗೆ ವಾಟ್ನಾಯೊಕುಲ್ ಹಿಮದ ಹಾಸಿನ ಕೆಳಗೆ ಜ್ವಾಲಾಮುಖಿ ಸಿಡಿಯಿತು. ಕರಗಿದ ನೀರು ಒಳಗೇ ಕೂಡಿಟ್ಟುಕೊಂಡು, ನವೆಂಬರ್ ಮೊದಲ ವಾರ ಒಮ್ಮೆಲೇ ಹೊರಬಿತ್ತು. ಸೇತುವೆ ಕೊಚ್ಚಿ ಹೋಯಿತು. ಮನೆಯಷ್ಟು ದೊಡ್ಡ ಬರ್ಫದ ಗಡ್ಡೆಗಳು ಬಯಲಿನ ಉಸುಕಿನಲ್ಲಿ ಹೂತು ಕೂತವು. ಆ ಗಡ್ಡೆಗಳ ವಿಷಯ ಮುಂದೆ ಬರುತ್ತದೆ.

ಎಸ್ಕರ್: ಆ ಹುಡುಗಿಯ ಪ್ರಶ್ನೆಗೆ ಉತ್ತರ

ಫ್ಲೆಕ್ಸ್ ತೊಳೆದು, ಮೇಲೆ ಸಣ್ಣ ಉಸುಕಿನ ತೆಳು ಹಾಸು ಹಾಸಿ ತಟ್ಟಿ. ಕ್ಲೇ ಇಟ್ಟ ಬರ್ಫವನ್ನು ಡಬ್ಬಿಯಿಂದ ಬಿಡಿಸಿ, ಕ್ಲೇ ಕಿತ್ತು ತೆಗೆಯಿರಿ. ಬರ್ಫದ ತಳದಲ್ಲಿ ಡೊಂಕು ಕಾಲುವೆ ಉಳಿದಿರುತ್ತದೆ. ಅದನ್ನು ಕೆಳಮುಖ ಮಾಡಿ ಹಾಸಿನ ಮೇಲಿಡಿ. ಪಕ್ಕಗಳಲ್ಲಿ ನೀರು ನುಸುಳದಂತೆ ಬುಡಕ್ಕೆ ಎರೆ ಮಣ್ಣು ಮೆತ್ತಿ. ಮೇಲೆ ಒಂದು, ಕೆಳಗೆ ಒಂದು ಬಾಯಿ ಮಾತ್ರ ತೆರೆದಿರಲಿ.

ಈಗ ಬೀದರಿನ ಸುರಂಗ ಬಾವಿ ನೆನೆಸಿಕೊಳ್ಳಿ. ನೌಬಾದ್ ಹತ್ತಿರ ಬಹಮನಿ ಕಾಲದ ಕರೇಜ್ ಇದೆಯಲ್ಲ, ನೆಲದೊಳಗೆ ಉದ್ದಕ್ಕೆ ಸುರಂಗ, ಮೇಲಿನಿಂದ ಅಲ್ಲಲ್ಲಿ ಗಾಳಿ ಬೆಳಕಿಗೆ ಇಳಿಸಿದ ಬಾವಿಗಳು. ಹಿಮನದಿಯೊಳಗೂ ಬಹುತೇಕ ಹಾಗೇ. ಮೇಲೆ ಕರಗಿದ ನೀರು ಬರ್ಫದಲ್ಲಿ ಬಿದ್ದ ಬಾವಿಯಂಥ ಕಂಡಿಗಳಿಂದ ತಳಕ್ಕೆ ಧುಮುಕುತ್ತದೆ. ತಳದಲ್ಲಿ ಸುರಂಗ ಕೊರೆದು ಹರಿಯುತ್ತದೆ. ಮೇಲಿನ ಬರ್ಫದ ಭಾರಕ್ಕೆ ಆ ನೀರಿನ ಮೇಲೆ ಒತ್ತಡ ಬೀಳುತ್ತದೆ. ಊರ ದೊಡ್ಡ ಟ್ಯಾಂಕಿನ ನೀರು ಪೈಪಿನೊಳಗೆ ಮೇಲಂತಸ್ತಿನ ನಲ್ಲಿಗೂ ಏರುತ್ತದಲ್ಲ, ಹಾಗೆ ಸುರಂಗದ ನೀರು ಸಣ್ಣ ಏರನ್ನೂ ಹತ್ತಿ ಹೋಗುತ್ತದೆ. ಎಸ್ಕರ್ ದಿಬ್ಬ ಹತ್ತಿ ಇಳಿದು ಹೋಗುವುದು ಅದಕ್ಕೇ. ಸಾಮಾನ್ಯ ಹೊಳೆ ಹಾಗೆ ಹೋಗಲಾರದು.

ಒಂದು ಚಮಚ ಬಿಳಿ ಉಸುಕು, ಎರಡು ಚಮಚ ನೀರು ಕಲಸಿ ಮೇಲಿನ ಬಾಯಿಗೆ ಲಾಳಿಕೆಯಿಂದ ಬಿಡಿ. ಆಮೇಲೆ ಕೆಂಪು ಉಸುಕು. ಮತ್ತೆ ಬಿಳಿ. ಅವಸರ ಬೇಡ. ನಾನು ಮೊದಲ ಸಲ ಚೊಂಬುಗಟ್ಟಲೆ ಸುರಿದೆ. ಸುರಂಗ ಖಾಲಿ ಉಳಿಯಿತು, ಉಸುಕೆಲ್ಲ ಹೊರಗೆ ಬೀಸಣಿಗೆಯ ಹಾಗೆ ಬಿತ್ತು. ಮಕ್ಕಳು ಬೇಜಾರಾದರು, ನಾನೂ ಆದೆ. ಆದರೆ ಅದರಿಂದಲೇ ಒಂದು ವಿಷಯ ತಿಳಿಯಿತು. ನೀರು ರಭಸವಾಗಿ ಇರುವಾಗ ಸುರಂಗದಲ್ಲಿ ಏನೂ ನಿಲ್ಲುವುದಿಲ್ಲ. ರಭಸ ಇಳಿದಾಗಲೇ ಉಸುಕು ಕೂತು ಸುರಂಗ ತುಂಬುತ್ತದೆ. ಹಿಮನದಿ ಬಲ ಕಳೆದುಕೊಂಡು ಕರಗುವ ಕೊನೆಗಾಲದ ಗುರುತು ಎಸ್ಕರ್.

ಸುರಂಗದ ಕೆಳಬಾಯಿಯಲ್ಲಿ ಉಸುಕು ಕಟ್ಟಿಕೊಂಡ ಮೇಲೆ ನಿಲ್ಲಿಸಿ. ಇನ್ನು ಬಿಸಿಲು ತನ್ನ ಕೆಲಸ ಮಾಡಲಿ. ನಡುವೆ ಕೈ ಹಾಕಬೇಡಿ. ಬರ್ಫ ತೆಳುವಾಗುತ್ತದೆ, ಪಕ್ಕ ಜಾರುತ್ತದೆ, ಕೊನೆಗೆ ಹೊಲದ ಒಡ್ಡಿನಂಥ ಡೊಂಕು ದಿನ್ನೆ ಒಂದು ಎದ್ದು ನಿಲ್ಲುತ್ತದೆ. ಅವತ್ತು ಆ ಹುಡುಗಿ ಅದರ ಮುಂದೆ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದಳು.

ಎಸ್ಕರ್ ಎಂಬುದು ಐರ್ಲೆಂಡಿನ ಮಾತು, ದಿನ್ನೆ ಎಂದು ಅರ್ಥ. ಜೌಗು ನೆಲದ ನಾಡಿನಲ್ಲಿ ಒಣಗಿದ, ಎತ್ತರದ, ಉದ್ದನೆಯ ದಿನ್ನೆ ಸಿಕ್ಕರೆ ಜನ ಬಿಡುತ್ತಾರೆಯೇ? ಅದರ ಮೇಲೆಯೇ ದಾರಿ ಮಾಡಿಕೊಂಡರು. ಫಿನ್‌ಲ್ಯಾಂಡಿನ ಪುಂಕಹಾರ್ಯು ಎಂಬಲ್ಲಿ ಎರಡೂ ಕಡೆ ಸರೋವರ, ನಡುವೆ ಎಸ್ಕರ್, ಅದರ ಮೇಲೆ ರಸ್ತೆ. ಸ್ವೀಡನ್ನಿನ ಉಪ್ಸಾಲಾ ನಗರಕ್ಕೆ ಕುಡಿಯುವ ನೀರು ಎಸ್ಕರಿನ ಒಡಲಿನಿಂದ ಬರುತ್ತದೆ. ಆರಿಸಿದ ಉಸುಕು, ಗರಸಿನ ನಡುವೆ ನೀರು ನಿಲ್ಲಲು ಜಾಗ ಇರುತ್ತದೆ, ಸೋಸಿಕೊಂಡೂ ಬರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಕೇಮ್, ಕೆಟಲ್

ಇವೆರಡೂ ಬೇಗ ಆಗುತ್ತವೆ. ಉಳಿದ ಬರ್ಫದ ಗಡ್ಡೆಯ ಮೇಲೆ ಕಾಸಿದ ಚಮಚದಿಂದ ಒಂದು ಗುಣಿ ಮಾಡಿ. ಕಾಸುವ ಕೆಲಸ ದೊಡ್ಡವರದು. ಗುಣಿಗೆ ಉಸುಕು ತುಂಬಿ ಬಿಡಿ. ಬರ್ಫ ಕರಗಿದಂತೆ ಆ ಉಸುಕು ಮೆಲ್ಲಗೆ ನೆಲಕ್ಕೆ ಇಳಿದು ಗುಡ್ಡೆಯಾಗಿ ಕೂರುತ್ತದೆ. ಇದು ಕೇಮ್. ಮೇಲೆ ತಗ್ಗಾಗಿದ್ದ ಜಾಗ ಕೆಳಗೆ ಗುಡ್ಡವಾಯಿತು, ನೋಡಿದಿರಾ?

ಕೆಟಲ್ ಇದಕ್ಕೆ ಪೂರ್ತಿ ತಿರುಗುಮುರುಗು. ಒದ್ದೆ ಉಸುಕಿನ ಬಯಲು ಮಾಡಿ, ಐದಾರು ಐಸ್ ತುಂಡು ಹೂಳಿ. ಕೆಲವನ್ನು ಪೂರ್ತಿ ಮುಚ್ಚಿ, ಕೆಲವು ಅರ್ಧ ಕಾಣಲಿ. ಸ್ವಲ್ಪ ಹೊತ್ತಿಗೆ ಉಸುಕು ಕುಸಿದು ತಗ್ಗು ಬೀಳುತ್ತದೆ. ಅರ್ಧ ಕಂಡವುಗಳ ತಗ್ಗು ಚೊಕ್ಕವಾಗಿ ಬರುತ್ತದೆ. ಪೂರ್ತಿ ಹೂತವುಗಳ ಮೇಲೆ ಮೊದಲು ಸಣ್ಣ ಬಿರುಕು ಬೀಳುತ್ತದೆ, ಅದನ್ನು ತಪ್ಪದೆ ನೋಡಿ. ಐಸ್‌ಲ್ಯಾಂಡಿನ ಆ ಪ್ರವಾಹ ಬಿಟ್ಟು ಹೋದ ಗಡ್ಡೆಗಳಿದ್ದ ಕಡೆಯೂ ಹೀಗೇ ತಗ್ಗು ಬಿದ್ದವು. ತಗ್ಗಿಗೆ ನೀರು ನಿಂತರೆ ಕೆರೆ. ಅಮೆರಿಕದ ಮ್ಯಾಸಚೂಸೆಟ್ಸಿನ ವಾಲ್ಡನ್ ಕೆರೆ ಹೀಗೆ ಹುಟ್ಟಿದ್ದು. ಅದರ ಆಳ ಸುಮಾರು 31 ಮೀಟರ್. ಅಷ್ಟು ಆಳದ ಕೆರೆ ಮಾಡಲು ಹೂತಿದ್ದ ಬರ್ಫ ಎಷ್ಟು ದೊಡ್ಡದಿರಬೇಕು, ಮಕ್ಕಳೇ ಅಂದಾಜು ಮಾಡಲಿ.

ಮರುದಿನ ಕೊಯ್ದು ನೋಡಿ

ಸಂಜೆ ಎಲ್ಲದರ ಮೇಲೆ ಗೋಣಿ ಚೀಲ ಹಾಸಿ ಮುಚ್ಚಿಡಿ. ಪೂರ್ತಿ ಒಣಗಿದರೆ ಉಸುಕು ಉದುರುತ್ತದೆ, ಹಸಿ ಇರುವಾಗಲೇ ಕೊಯ್ಯಬೇಕು. ಬೆಳಿಗ್ಗೆ ಉಕ್ಕಿನ ಸ್ಕೇಲಿನಿಂದ ಎಸ್ಕರನ್ನು ಅಡ್ಡಕ್ಕೆ ಕತ್ತರಿಸಿ. ನಡುವೆ ಕೆಂಪು, ಬಿಳಿ ಪದರ ಕಾಣುತ್ತವೆ. ಎರಡೂ ಅಂಚಿನಲ್ಲಿ ಪದರ ಮುರಿದು ಕೆಳಗೆ ಜಾರಿರುತ್ತದೆ. ಬರ್ಫದ ಗೋಡೆ ಆಸರೆ ಬಿಟ್ಟ ಜಾಗ ಅದು. ಕೇಮ್ ಕೊಯ್ದರೂ ಅಂಚು ಹಾಗೇ ಇರುತ್ತದೆ. ಗರಸಿನ ಗಣಿಗಳಲ್ಲಿ ಭೂವಿಜ್ಞಾನಿಗಳು ಹುಡುಕುವುದೂ ಇದೇ ಜಾರಿದ ಅಂಚನ್ನು. ಮಕ್ಕಳಿಂದ ಇದರ ಚಿತ್ರ ಬರೆಸಿ. ಫೋಟೊ ಹೊಡೆದರೆ ಸಾಲದು, ಕೈಯಿಂದ ಬರೆದಾಗಲೇ ಕಣ್ಣು ಸರಿಯಾಗಿ ನೋಡುತ್ತದೆ.

ಆಮೇಲೆ ಫೋನಿನ ನಕ್ಷೆಯಲ್ಲಿ ಉಪಗ್ರಹದ ಚಿತ್ರ ತೆರೆಯಿರಿ. ನಮ್ಮ ದೇಶದಲ್ಲೇ ಶುರು ಮಾಡಿ: ಝನ್ಸ್ಕಾರಿನ ಪೆನ್ಸಿ ಲಾ ಕಣಿವೆಯ ಹತ್ತಿರ ದ್ರಾಂಗ್ ದ್ರುಂಗ್ ಹಿಮನದಿ. ಅದರ ಮೂತಿಯ ಮುಂದೆ ಜಡೆ ಜಡೆಯಾಗಿ ಹರಿಯುವ ನೀರು ಕಾಣುತ್ತದೆ. ಮಾಳಿಗೆಯ ಮೇಲೆ ಕಂಡದ್ದೇ ಅಲ್ಲೂ ಕಂಡಾಗ ಮಕ್ಕಳು ಕೂಗುತ್ತಾರೆ. ಆಮೇಲೆ ಪುಂಕಹಾರ್ಯು ನೋಡಿ, ಐಸ್‌ಲ್ಯಾಂಡಿನ ದಕ್ಷಿಣ ಕರಾವಳಿ ನೋಡಿ.

ನಮ್ಮ ಊರಿನ ಕಲ್ಲು

ಇಷ್ಟಾದ ಮೇಲೆ ಮಕ್ಕಳು ನಮ್ಮ ಸುತ್ತಲೂ ಹಿಮನದಿ ಹುಡುಕುತ್ತಾರೆ. ಮೂರು ಕಡೆ ಮೋಸ ಹೋಗುವ ಸಾಧ್ಯತೆ ಇದೆ. ಶಹಾಬಾದಿನ ಪರ್ಸಿ ಕಲ್ಲಿನ ಪದರ ನೋಡಿ ವಾರ್ವ್ ಎನ್ನುತ್ತಾರೆ. ಅದು ಬಹಳ ಹಳೆಯ ಸಮುದ್ರದ ತಳದಲ್ಲಿ ಕೂತ ಸುಣ್ಣಕಲ್ಲು. ಯಾದಗಿರಿ, ಶಹಾಪುರ, ಸುರಪುರದ ಕಡೆ ಒಂದರ ಮೇಲೊಂದು ಕೂತ ದುಂಡು ಬಂಡೆ ನೋಡಿ ಹಿಮ ತಂದಿಟ್ಟದ್ದು ಎನ್ನುತ್ತಾರೆ. ಅವು ಅಲ್ಲೇ ಇದ್ದ ಕಲ್ಲು ಮೂಲೆ ಸವೆದು ದುಂಡಾದದ್ದು. ಎರೆ ಹೊಲದ ಹಳ್ಳದಲ್ಲಿ ಸಿಗುವ ಕರಿಕಲ್ಲಿನ ಗುಂಡೂ ಹಾಗೆಯೇ, ಈರುಳ್ಳಿಯ ಹಾಗೆ ಸಿಪ್ಪೆ ಸಿಪ್ಪೆಯಾಗಿ ಕಳಚಿ ದುಂಡಾಗುತ್ತದೆ.

ನಿಜವಾದ ಗುರುತು ಬೇಕೆಂದರೆ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಗೆ ಹೋಗಬೇಕು. ಬೀದರಿನಿಂದ ನೇರ ಅಳತೆಯಲ್ಲಿ ಸುಮಾರು 300 ಕಿ.ಮೀ. ಅಲ್ಲಿ ಇರೈ ಎಂಬ ಊರಿನ ಬಳಿ ಪೈನಗಂಗಾ ನದಿಯಲ್ಲಿ, ಹಿಮ ಉಜ್ಜಿ ಗೀರು ಹಾಕಿದ ಸುಣ್ಣಕಲ್ಲು ಇದೆ. ಅದರ ಮೇಲೆ ಹಿಮ ತಂದ ಗುಂಡುಗಳ ಪದರ. ಪೈನಗಂಗಾ ನೀರು ವಾರ್ಧಾ, ಪ್ರಾಣಹಿತಾ ಸೇರಿ ಗೋದಾವರಿಗೆ ಹೋಗುತ್ತದೆ. ನಮ್ಮ ಬೀದರಿನ ಮಾಂಜ್ರಾ ಕೂಡ ಗೋದಾವರಿಗೇ ಹೋಗುತ್ತದೆ. ಸುಮಾರು 30 ಕೋಟಿ ವರ್ಷ ಹಿಂದೆ ಭಾರತ ದಕ್ಷಿಣ ಧ್ರುವದ ಹತ್ತಿರ, ದಕ್ಷಿಣದ ಖಂಡಗಳೆಲ್ಲ ಒಂದಾಗಿದ್ದ ಗೊಂಡ್ವಾನಾ ಭೂಭಾಗದಲ್ಲಿ ಸೇರಿಕೊಂಡಿದ್ದಾಗಿನ ಹಿಮ ಅದು. ನಮ್ಮ ಪರ್ಸಿ ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು, ನಮ್ಮ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ್ದು. ಎರಡರ ನಡುವಿನ ಆ ಹಿಮದ ಪದರ ನಮ್ಮಲ್ಲಿ ಕಾಣಸಿಗುವುದಿಲ್ಲ. ಈ ಗುಂಡುಗಳ ಪದರಕ್ಕೆ ತಾಲ್ಚೇರ್ ಎಂಬ ಹೆಸರು ಒಡಿಶಾದ ಊರಿನಿಂದ ಬಂದದ್ದು. ಅಲ್ಲಿ 1856ರಲ್ಲಿ ಭೂವಿಜ್ಞಾನಿಗಳಾದ ಬ್ಲ್ಯಾನ್‌ಫೋರ್ಡ್ ಅಣ್ಣತಮ್ಮಂದಿರು ಮತ್ತು ಥಿಯೋಬಾಲ್ಡ್ ಇದು ಹಿಮದ ಕೆಲಸ ಎಂದು ಹೇಳಿದರು. ಬಿಸಿಲಿನ ಒಡಿಶಾದಲ್ಲಿ ನಿಂತು ಆ ಮಾತು ಹೇಳಲು ಎಷ್ಟು ಧೈರ್ಯ ಬೇಕಿತ್ತು!

ತಾಲ್ಚೇರ್ ಕಲ್ಲುಗಳಲ್ಲಿ ನವಿರು ಕೆಸರಿನ ಪದರದ ನಡುವೆ ಒಂಟಿ ಗುಂಡು ಹೂತಿರುವುದು ಕಾಣುತ್ತದೆ. ಅಷ್ಟು ದೊಡ್ಡ ಗುಂಡನ್ನು ನಿಂತ ನೀರು ತರಲಾರದು. ಅದು ಎಲ್ಲಿಂದ ಬಂತು ಎಂದು ಮಕ್ಕಳನ್ನು ಕೇಳಿ, ಉತ್ತರ ಮಾತ್ರ ಹೇಳಬೇಡಿ. ಫ್ರೀಜರಿನಲ್ಲಿ ಉಳಿದಿರುವ ಹರಳಿನ ಐಸ್ ತುಂಡು ತಂದು ಪಟ್ಟೆಯ ಬಾಟಲಿಯಲ್ಲಿ ತೇಲಿಬಿಡಿ. ಬಾಟಲಿಯ ಸುತ್ತ ಕೂತು ನೋಡಲಿ. ಬರ್ಫ ಕರಗುತ್ತಾ ಸಣ್ಣದಾಗುತ್ತದೆ, ಹರಳು ಕಳಚಿ ಬೀಳುತ್ತದೆ, ತಳದ ಪಟ್ಟೆ ಅದರ ಕೆಳಗೆ ಬಾಗುತ್ತದೆ. ಮರುದಿನ ಅದರ ಮೇಲೆ ಇನ್ನೊಂದು ಚಮಚ ಕೆಸರು ಬಿಡಿ.